ನಿಶ್ಚಿತಾರ್ಥದ ಉಂಗುರ, ಮದುವೆಯ ಉಂಗುರ: ಒಂದೇ ಬೆರಳಿಗೆ ಎರಡೂ ಹೊಂದುವಂತೆ ಆರಿಸುವುದು ಹೇಗೆ?

ಪ್ರಶ್ನೆ

ನಿಶ್ಚಿತಾರ್ಥಕ್ಕೆ ಹರಳಿನ ಉಂಗುರವನ್ನೂ ಮದುವೆಗೆ ಹರಳಿಲ್ಲದ ಸರಳ ಉಂಗುರವನ್ನೂ ಮಾಡಿಸಿ, ಮುಂದೆ ಎರಡನ್ನೂ ಒಂದೇ ಬೆರಳಿಗೆ ತೊಡಬೇಕೆಂಬುದು ನಮ್ಮಿಬ್ಬರ ಯೋಚನೆ. ಸಾಲಿಟೇರ್, ಹೇಲೋ, ಪಾವೆ, ಬೆಜೆಲ್, ಎಟರ್ನಿಟಿ ಮುಂತಾದ ಹೆಸರುಗಳನ್ನು ಕೇಳಿದ್ದೇವಾದರೂ, ಚಿತ್ರದಲ್ಲಿ ಕಾಣುವ ಅಂದದ ಆಚೆಗೆ ದಿನಬಳಕೆಯಲ್ಲಿ ಇವುಗಳ ನಡುವೆ ಏನು ವ್ಯತ್ಯಾಸ ಎಂಬುದು ತಿಳಿಯುತ್ತಿಲ್ಲ. ಉಂಗುರ ತೊಡುವವರು ಪ್ರಯೋಗಾಲಯದಲ್ಲಿ ಕೆಲಸ ಮಾಡುವವರಾದ್ದರಿಂದ ಕೈಗವಸನ್ನು ಪದೇ ಪದೇ ಹಾಕಿ ತೆಗೆಯಬೇಕಾಗುತ್ತದೆ. ಬಲ್ಲವರು ದಯವಿಟ್ಟು ತಿಳಿಸಿ.

ಮೊದಲ ಉತ್ತರ

ಈ ಹೆಸರುಗಳೆಲ್ಲ ಒಂದೇ ವರ್ಗಕ್ಕೆ ಸೇರಿದವಲ್ಲ ಎಂದು ತಿಳಿದರೆ ಅರ್ಧ ಗೊಂದಲ ಕಳೆಯುತ್ತದೆ. ಸಾಲಿಟೇರ್, ಹೇಲೋ, ಎಟರ್ನಿಟಿ ಎಂಬವು ಹರಳುಗಳ ಜೋಡಣೆಯನ್ನು ಸೂಚಿಸುತ್ತವೆ: ಒಂಟಿ ಹರಳಿದ್ದರೆ ಸಾಲಿಟೇರ್, ನಡುವಿನ ಹರಳಿನ ಸುತ್ತ ಸಣ್ಣ ಹರಳುಗಳ ವರ್ತುಲವಿದ್ದರೆ ಹೇಲೋ, ಉಂಗುರದ ಸುತ್ತಲೂ ಹರಳಿನ ಸಾಲಿದ್ದರೆ ಎಟರ್ನಿಟಿ. ಪ್ರಾಂಗ್, ಬೆಜೆಲ್, ಪಾವೆ ಎಂಬವು ಲೋಹವು ಹರಳನ್ನು ಹಿಡಿದಿರುವ ಬಗೆಗಳು. ಆದ್ದರಿಂದ ಬೆಜೆಲ್ ಕಟ್ಟಿನ ಸಾಲಿಟೇರ್ ಮಾಡಿಸಬಹುದು, ನಿಮ್ಮ ಸಂದರ್ಭಕ್ಕೆ ನನ್ನ ಮತವೂ ಅದಕ್ಕೇ.

ಪ್ರಾಂಗ್ ಕಟ್ಟಿನಲ್ಲಿ ಸಾಮಾನ್ಯವಾಗಿ ನಾಲ್ಕು ಅಥವಾ ಆರು ಕೊಕ್ಕೆಗಳು ಹರಳನ್ನು ಎತ್ತಿ ಹಿಡಿಯುತ್ತವೆ. 1886ರಲ್ಲಿ ಟಿಫಾನಿ ಸಂಸ್ಥೆ ಹೊರತಂದ ಆರು ಕೊಕ್ಕೆಗಳ ಉಂಗುರದಿಂದ ಈ ಬಗೆ ಹೆಸರುವಾಸಿಯಾಯಿತು. ಪಕ್ಕಗಳಿಂದಲೂ ಬೆಳಕು ಬೀಳುವುದರಿಂದ ಹರಳು ಕಳೆಗಟ್ಟುತ್ತದೆ, ನಿಜ. ಆದರೆ ಒಂದು ಕೊಕ್ಕೆಯ ತುದಿ ಸವೆದು ಕೂದಲೆಳೆಯಷ್ಟು ಮೇಲೆದ್ದರೂ ಸಾಕು, ತೆಳುವಾದ ಕೈಗವಸನ್ನು ಎಳೆಯುವಾಗ ಸರಿಯಾಗಿ ಅಲ್ಲಿಯೇ ಸೀಳುತ್ತದೆ. ಬೆಜೆಲ್‌ನಲ್ಲಿ ಲೋಹದ ಪಟ್ಟಿ ಹರಳಿನ ಅಂಚನ್ನು ಸುತ್ತಲೂ ಆವರಿಸಿ ಒಳಕ್ಕೆ ಮಡಿಚಿರುತ್ತದೆಯಾದ್ದರಿಂದ, ಸಿಕ್ಕಿಕೊಳ್ಳುವ ಚೂಪು ಇರುವುದಿಲ್ಲ, ಅಂಚಿಗೆ ಪೆಟ್ಟು ತಗಲುವ ಭಯವೂ ಕಡಿಮೆ. ಪಾವೆಯಲ್ಲಿ ಪುಟ್ಟ ಹರಳುಗಳನ್ನು ಸಾಸಿವೆಗಿಂತ ಚಿಕ್ಕ ಲೋಹದ ಮಣಿಗಳು ಹಿಡಿದಿರುತ್ತವೆ. ಕೈಗೆ ಬಿಡುವಿಲ್ಲದವರಿಗೆ ಅದನ್ನು ನಾನು ಹೇಳಲಾರೆ.

ಎರಡನೆಯ ಉತ್ತರ

ಮೇಲಿನ ಸಲಹೆ ಸರಿಯಾಗಿದ್ದರೂ ಅದರಲ್ಲಿ ಒಂದು ತೊಡಕಿದೆ. ಬೆಜೆಲ್ ಕಟ್ಟನ್ನು ಬಹಳ ತಗ್ಗಾಗಿ ಕೂರಿಸಿದರೆ ಹರಳಿನ ಬುಡವು ಉಂಗುರದ ಪಟ್ಟಿಗಿಂತ ಹೊರಕ್ಕೆ ಚಾಚಿಕೊಂಡು, ಪಕ್ಕದಲ್ಲಿ ಬರುವ ಮದುವೆಯ ಉಂಗುರ ಒತ್ತಿ ಕೂರದೆ ನಡುವೆ ಸಂದು ಉಳಿಯುತ್ತದೆ. ಆ ಸಂದು ಕೆಲವರಿಗೆ ಇಷ್ಟವೇ ಆಗುತ್ತದೆ. ಇಷ್ಟವಿಲ್ಲದಿದ್ದರೆ ಹರಳನ್ನು ಮದುವೆಯ ಉಂಗುರದ ದಪ್ಪದಷ್ಟು ಎತ್ತರಿಸಬೇಕು, ಇಲ್ಲವೇ ಮದುವೆಯ ಉಂಗುರವನ್ನೇ ಹರಳಿನ ಬುಡಕ್ಕೆ ತಕ್ಕಂತೆ ಬಾಗಿಸಿ ಮಾಡಿಸಬೇಕು. ಬಾಗಿದ ಉಂಗುರ ಒಂಟಿಯಾಗಿ ತೊಟ್ಟಾಗ ಅಷ್ಟು ಚೆನ್ನಾಗಿ ಕಾಣುವುದಿಲ್ಲ ಎಂಬುದು ನನ್ನ ಅನಿಸಿಕೆ. ಏನೇ ಆಗಲಿ, ಎರಡನೆಯದರ ಅಗಲ ಮತ್ತು ದಪ್ಪವನ್ನು ತೀರ್ಮಾನಿಸಿದ ಮೇಲೆಯೇ ಮೊದಲನೆಯದಕ್ಕೆ ಒಪ್ಪಿಗೆ ಕೊಡಿ.

ಎಟರ್ನಿಟಿ ಉಂಗುರವನ್ನು ಜೊತೆಗಿಡುವ ಯೋಚನೆಯಿದ್ದರೆ ಕೈಬಿಡುವುದು ಲೇಸು. ವಜ್ರದ ಅಂಚು ಪಕ್ಕದ ಉಂಗುರದ ಲೋಹವನ್ನು ಉಜ್ಜಿ ಸವೆಸುತ್ತದೆ. ಸುತ್ತಲೂ ಹರಳಿರುವ ಕಾರಣ, ಬೆರಳು ದಪ್ಪವಾದರೆ ಅಳತೆ ಬದಲಿಸುವುದೂ ಕಷ್ಟ.

ಪ್ರಶ್ನೆ ಕೇಳಿದವರು

ಇಬ್ಬರಿಗೂ ಧನ್ಯವಾದಗಳು. ವಜ್ರದ ಬದಲು ನೀಲಮಣಿ ಅಥವಾ ಪಚ್ಚೆ ಬಳಸಿದರೆ ಬಾಳಿಕೆ ಬರುತ್ತದೆಯೇ? ಲೋಹದ ಬಗ್ಗೆಯೂ ತಿಳಿಸಿದರೆ ಉಪಕಾರವಾಗುತ್ತದೆ.

ಮೂರನೆಯ ಉತ್ತರ

ನೀಲಮಣಿಯನ್ನು ಧೈರ್ಯವಾಗಿ ಆರಿಸಿ. ಮೋಸ್ ಗಡಸುತನದ ಮಾಪಕದಲ್ಲಿ ವಜ್ರಕ್ಕೆ 10, ನೀಲಮಣಿ ಮತ್ತು ಮಾಣಿಕ್ಯಕ್ಕೆ 9, ಪಚ್ಚೆಗೆ 7.5ರಿಂದ 8. ಧೂಳಿನಲ್ಲಿರುವ ಕ್ವಾರ್ಟ್ಜ್ ಕಣದ ಗಡಸುತನವೇ 7 ಆಗಿರುವುದರಿಂದ ಅದಕ್ಕಿಂತ ಮೆದುವಾದ ಹರಳು ಬರುಬರುತ್ತಾ ಮಂಕಾಗುತ್ತದೆ, 2.5ರ ಆಸುಪಾಸಿನ ಮುತ್ತಂತೂ ದಿನವೂ ತೊಡುವ ಉಂಗುರಕ್ಕೆ ಸಲ್ಲದು. ಪಚ್ಚೆ ಈ ಲೆಕ್ಕದಲ್ಲಿ ಪಾಸಾದರೂ, ಅದರೊಳಗೆ ಸಹಜವಾಗಿಯೇ ಬಿರುಕುಗಳಿರುವುದು ಹೆಚ್ಚಾದ್ದರಿಂದ ಪೆಟ್ಟನ್ನು ತಾಳಿಕೊಳ್ಳುವುದಿಲ್ಲ.

ಲೋಹದಲ್ಲಿ 18 ಕ್ಯಾರೆಟ್ ಚಿನ್ನ, ಅಂದರೆ ಶೇಕಡಾ 75 ಚಿನ್ನ, ಹರಳಿನ ಉಂಗುರಕ್ಕೆ ಒಳ್ಳೆಯ ಆಯ್ಕೆ. 22 ಕ್ಯಾರೆಟ್ ಮೆದುವಾಗಿರುವುದರಿಂದ ಕೊಕ್ಕೆಗಳ ಹಿಡಿತ ಬೇಗ ಸಡಿಲವಾಗುತ್ತದೆ. ಬಿಳಿ ಚಿನ್ನಕ್ಕೆ ಸಾಮಾನ್ಯವಾಗಿ ರೋಡಿಯಂ ಲೇಪನವಿದ್ದು, ಅದು ಸವೆದಾಗ ಒಳಗಿನ ಹಳದಿ ಛಾಯೆ ಕಾಣುತ್ತದೆಯಾದ್ದರಿಂದ ಆಗಾಗ ಮರುಲೇಪನ ಮಾಡಿಸಬೇಕು. ಪ್ಲಾಟಿನಂಗೆ ಆ ತಾಪತ್ರಯವಿಲ್ಲ, ತೂಕ ಮಾತ್ರ ಹೆಚ್ಚು. ಎರಡೂ ಉಂಗುರಗಳು ಒಂದೇ ಲೋಹದವಾಗಿದ್ದರೆ ಒಂದನ್ನೊಂದು ಸವೆಸುವುದು ಕಡಿಮೆ. ಟಂಗ್‌ಸ್ಟನ್ ಕಾರ್ಬೈಡ್ ಉಂಗುರಕ್ಕೆ ಗೀರು ಬೀಳುವುದು ಅಪರೂಪ, ಆದರೆ ಅದರ ಅಳತೆಯನ್ನು ಮುಂದೆ ಬದಲಿಸಲಾಗದು.

ಮೊದಲ ಉತ್ತರ ಬರೆದವರು

ಬುಡದ ಎತ್ತರದ ಬಗ್ಗೆ ಎರಡನೆಯವರು ಹೇಳಿದ್ದನ್ನು ಒಪ್ಪುತ್ತೇನೆ. ಹಾಗಿದ್ದೂ ಎರಡು ಉಂಗುರಗಳಿರುವುದರ ದೊಡ್ಡ ಅನುಕೂಲವೆಂದರೆ, ಕೆಲಸದ ಹೊತ್ತಿನಲ್ಲಿ ಹರಳಿನದನ್ನು ತೆಗೆದಿಟ್ಟು ಸರಳವಾದುದನ್ನಷ್ಟೇ ತೊಡಬಹುದು. ಹಾಗಾಗಿ ಮದುವೆಯ ಉಂಗುರವನ್ನು ಬಾಗಿಸದೆ ನೇರವಾಗಿಯೇ ಇಟ್ಟು, ಒಳಮೈಯನ್ನು ಉಬ್ಬಿಸಿ ನುಣುಪು ಮಾಡಿಸಿಕೊಳ್ಳಿ. ಬೆವರಿದ ಬೆರಳಿನಲ್ಲೂ ಅದು ಸುಲಭವಾಗಿ ಜಾರುತ್ತದೆ. ಅಳತೆ ಕೊಡುವಾಗ ಎರಡೂ ಉಂಗುರಗಳ ಒಟ್ಟು ಅಗಲದ ಮಾದರಿ ಉಂಗುರವನ್ನೇ ಬೆರಳಿಗೆ ತೊಟ್ಟು ನೋಡಿ, ಏಕೆಂದರೆ ಅಗಲ ಹೆಚ್ಚಾದಂತೆ ಅದೇ ಅಳತೆಯ ಉಂಗುರ ಬಿಗಿಯಾಗುತ್ತದೆ.