ಲಿಯೋನೆ ಚಿತ್ರದ ಮೊದಲ ದೃಶ್ಯ ಮುಂದಕ್ಕೆ ಓಡಿಸಬಹುದೇ?

ಪ್ರಶ್ನೆ (ಕುವೆಂಪುನಗರ, ಮೈಸೂರು): ಭಾನುವಾರ ಗೆಳೆಯರ ಬಳಗಕ್ಕೆ ನಿರ್ದೇಶಕ ಸೆರ್ಜಿಯೋ ಲಿಯೋನೆಯ 1968ರ ‘ಒನ್ಸ್ ಅಪಾನ್ ಎ ಟೈಮ್ ಇನ್ ದ ವೆಸ್ಟ್’ ಹಾಕ್ತಿದ್ದೇವೆ. ಸ್ಟೇಷನ್ನಿನಲ್ಲಿ ಮೂವರು ಕಾಯೋ ದೃಶ್ಯ ಬಹಳ ಎಳೆದಾಟ ಅನ್ನೋದು ಕೆಲವರ ದೂರು. ಮುಂದಕ್ಕೆ ಓಡಿಸಿದರೆ ನಷ್ಟವೇ?

ಉತ್ತರ 1: ದಯವಿಟ್ಟು ಬೇಡ ಸಾರ್. ಅಲ್ಲಿ ಹಿನ್ನೆಲೆ ಸಂಗೀತವೇ ಇಲ್ಲ. ಗಾಳಿಯಂತ್ರದ ಕಿರುಗುಟ್ಟು, ಟೋಪಿಯ ಮೇಲೆ ತೊಟ್ಟಿಕ್ಕುವ ನೀರು, ಪಿಸ್ತೂಲಿನ ನಳಿಗೆಯೊಳಗೆ ಸಿಕ್ಕಿಬಿದ್ದ ನೊಣದ ಗುಂಯ್‌ಗುಟ್ಟು, ಇವೇ ಸಂಗೀತ. ರೈಲು ಹೊರಟ ಮೇಲೆ ಮೌತ್ ಆರ್ಗನ್ ಕೇಳಿಸಿದಾಗ ಮೈ ಜುಮ್ಮೆನ್ನೋದು ಆ ಕಾಯುವಿಕೆಯಿಂದಲೇ. ಪ್ರೊಜೆಕ್ಟರಿನ ಪುಟ್ಟ ಸ್ಪೀಕರಿನಲ್ಲಿ ಇದೆಲ್ಲ ಸತ್ತುಹೋಗುತ್ತೆ. ದೊಡ್ಡ ಸ್ಪೀಕರ್ ಹಾಕಿ, ಆ ಹೊತ್ತು ಫ್ಯಾನ್ ನಿಲ್ಲಿಸಿ.

ಉತ್ತರ 2: ನಾನು ಪೂರ್ತಿ ಒಪ್ಪಲ್ಲ. ಆರಂಭ ಚೆನ್ನ, ಆದರೆ ನಡುಭಾಗ ಜಗ್ಗುತ್ತೆ. ಹಾಗಂತ ಕತ್ತರಿಸಿದ್ದು ಬೇಡ. ಅಮೆರಿಕದಲ್ಲಿ ಆಗ 145 ನಿಮಿಷಕ್ಕೆ ಇಳಿಸಿದಾಗ ಕಥೆಯ ಕೊಂಡಿಗಳೇ ಕಳಚಿದ್ದವು. 165 ನಿಮಿಷದ್ದೇ ಹುಡುಕಿ.

ಉತ್ತರ 3: ಚಿತ್ರದ ಚೌಕಟ್ಟು 2.35:1, ಅಂದರೆ ಎತ್ತರದ 2.35 ಪಟ್ಟು ಅಗಲ. ‘ಜೂಮ್’ ಒತ್ತಿ ಪರದೆ ತುಂಬಿಸಿದರೆ ಅಗಲದ ಸುಮಾರು ಕಾಲುಭಾಗ ಹೋಗಿ, ಅಂಚಿನಲ್ಲಿ ನಿಂತವನೇ ಮಾಯ. ಪರದೆ 9 ಅಡಿ ಅಗಲವಿದ್ದರೆ ಚಿತ್ರದ ಎತ್ತರ 3 ಅಡಿ 10 ಅಂಗುಲ ಬರಬೇಕು. ಮೇಲೆ ಕೆಳಗೆ ಕಪ್ಪು ಪಟ್ಟಿ ಇದ್ದೇ ಇರುತ್ತೆ, ಮುಟ್ಟಬೇಡಿ.