ಕುಟ್ಟನಾಡಿನ ಕಾಲುವೆಗಳಲ್ಲಿ ಒಂದು ಹಗಲು: ಯಾವ ದೋಣಿ, ಯಾವ ತಿಂಗಳು?

ಹೇಮಾವತಿ_ತೀರ

ಸದಸ್ಯರಿಗೆಲ್ಲ ನಮಸ್ಕಾರ. ನನ್ನ ತಂದೆಯವರಿಗೆ ಎಪ್ಪತ್ತೆರಡು ವರ್ಷ. ಹಾಸನದ ಬಳಿ ಜೀವಮಾನವೆಲ್ಲ ಗದ್ದೆ ಮಾಡಿದವರು. ಕೇರಳದ ಕುಟ್ಟನಾಡಿನಲ್ಲಿ ಸಮುದ್ರಮಟ್ಟಕ್ಕಿಂತ ಕೆಳಗೆ ಭತ್ತ ಬೆಳೆಯುತ್ತಾರೆಂದು ಕೇಳಿದಂದಿನಿಂದ ಅದನ್ನು ಕಣ್ಣಾರೆ ನೋಡಬೇಕೆಂದು ಹೇಳುತ್ತಲೇ ಇದ್ದಾರೆ. ನಾನು ಕೆಲವು ವರ್ಷಗಳ ಹಿಂದೆ ಫೆಬ್ರವರಿಯಲ್ಲಿ ಗೆಳೆಯರೊಂದಿಗೆ ಆಲಪ್ಪುಳಕ್ಕೆ ಹೋಗಿ ದೊಡ್ಡ ದೋಣಿಮನೆಯೊಂದರಲ್ಲಿ ತಂಗಿದ್ದೆ. ಆ ದೋಣಿಯವರು ವಿಶಾಲವಾದ ಸರೋವರದಲ್ಲೇ ಸುತ್ತಾಡಿಸಿ ಸಂಜೆ ಐದೂವರೆಗೆ ದಡಕ್ಕೆ ಕಟ್ಟಿಬಿಟ್ಟರು. ರಾತ್ರಿಯೆಲ್ಲ ಅಕ್ಕಪಕ್ಕದ ದೋಣಿಗಳ ಜನರೇಟರ್ ಸದ್ದು, ಸುತ್ತಲೂ ಜಲಕಳೆ, ಗದ್ದೆಯ ಹತ್ತಿರಕ್ಕಂತೂ ಹೋಗಲೇ ಇಲ್ಲ. ತಂದೆಯವರಿಗೆ ಹಾಗಾಗಬಾರದು. ಒಂದು ಹಗಲಿನಲ್ಲಿ ನಿಧಾನವಾಗಿ ನೋಡಿ ಬರಲು ಯಾವ ದೋಣಿ ಸೂಕ್ತ, ಯಾವ ತಿಂಗಳು ಒಳ್ಳೆಯದು, ದಯವಿಟ್ಟು ತಿಳಿಸಿ.

ಹಳೆಯ_ಪಯಣಿಗ

ಕೊಟ್ಟಾಯಂನಲ್ಲಿ ಆರು ವರ್ಷ ಕೆಲಸದಲ್ಲಿದ್ದವನು ನಾನು. ನನ್ನ ಸಲಹೆ ಕೇಳುವುದಾದರೆ, ದೋಣಿಮನೆಯ ಯೋಚನೆಯನ್ನೇ ಬಿಡಿ. ಬೆಂಗಳೂರಿನಿಂದ ಕನ್ಯಾಕುಮಾರಿಗೆ ಹೋಗುವ ಐಲ್ಯಾಂಡ್ ಎಕ್ಸ್‌ಪ್ರೆಸ್ ರಾತ್ರಿ ಹೊರಟು ಬೆಳಿಗ್ಗೆ ಕೊಟ್ಟಾಯಂ ಮುಟ್ಟಿಸುತ್ತದೆ. ಅಲ್ಲಿಯ ಕೋಡಿಮಾದ ಜೆಟ್ಟಿಯಿಂದ ಆಲಪ್ಪುಳಕ್ಕೆ ರಾಜ್ಯ ಜಲಸಾರಿಗೆ ಇಲಾಖೆಯ ದೋಣಿಗಳಿವೆ. ಸುಮಾರು ಎರಡೂವರೆ ಗಂಟೆಯ ದಾರಿ, ದರ ಬಸ್ಸಿನ ಟಿಕೆಟ್ಟಿನಷ್ಟು. ಶಾಲೆಯ ಮಕ್ಕಳು, ಸಂತೆಯ ಚೀಲ ಹಿಡಿದ ಹೆಂಗಸರು ಹತ್ತಿ ಇಳಿಯುವ ಆ ದೋಣಿಯಲ್ಲಿ ಕುಳಿತರೆ, ಈ ನೀರು ಅವರ ಪಾಲಿಗೆ ನೋಡುವ ನೋಟವಲ್ಲ, ನಡೆದಾಡುವ ಬೀದಿ ಎಂಬುದು ತಂದೆಯವರಿಗೆ ತಾನಾಗಿಯೇ ತಿಳಿಯುತ್ತದೆ.

ಹೊರಟ ಸ್ವಲ್ಪ ಹೊತ್ತಿಗೆ ಕಾಲುವೆಯ ಮೇಲೆ ಎತ್ತುವ ಕಾಲುಸೇತುವೆಗಳು ಬರುತ್ತವೆ. ದೋಣಿ ಬರುವುದನ್ನು ಕಂಡು ದಡದಲ್ಲಿದ್ದವರು ಹಗ್ಗ ಎಳೆಯುತ್ತಾರೆ. ಸೇತುವೆ ನಿಧಾನವಾಗಿ ಮೇಲೇಳುತ್ತದೆ, ಸೈಕಲ್ ಹಿಡಿದವರು ಆಚೆ ಕಾದು ನಿಲ್ಲುತ್ತಾರೆ. ನಾನು ಪ್ರತಿ ಸಲವೂ ಕಿಟಕಿಯಿಂದ ಕತ್ತು ಚಾಚಿ ಅದನ್ನು ನೋಡುತ್ತಿದ್ದೆ. ಆ ಸೇತುವೆಗಳು ಕೆಟ್ಟಾಗ ದೋಣಿ ಕಾಂಞಿರಂ ಎಂಬ ಮುಂದಿನ ಜೆಟ್ಟಿಯಿಂದಲೇ ಹೊರಡುವುದುಂಟು, ಆದ್ದರಿಂದ ಹಿಂದಿನ ದಿನ ವಿಚಾರಿಸಿಕೊಳ್ಳಿ.

ಸಂಜೆ ದೋಣಿ ಕಟ್ಟಿದ್ದಕ್ಕೆ ಮಾತ್ರ ಅವರನ್ನು ದೂರಬೇಡಿ. ಕತ್ತಲಾಗುತ್ತಲೇ ಮೀನುಗಾರರು ಬಲೆ ಬಿಡುತ್ತಾರೆ. ಅವು ಹರಿಯಬಾರದೆಂದೇ ದೋಣಿಮನೆಗಳು ಆ ಹೊತ್ತಿಗೆ ನಿಲ್ಲುವ ಕ್ರಮವಿದೆ.

ನಾರು_ನೇಗಿಲು

ಮೇಲಿನವರ ಮಾತಿಗೆ ಒಂದನ್ನು ಸೇರಿಸುತ್ತೇನೆ. ದೋಣಿಯಲ್ಲಿ ಕುಳಿತಷ್ಟರಿಂದ ಗದ್ದೆ ಕಾಣುವುದಿಲ್ಲ, ಏಕೆಂದರೆ ಅದು ಬದುವಿನ ಆಚೆ, ನೀರಿಗಿಂತ ಕೆಳಗಿದೆ. ಆಲಪ್ಪುಳ ತಲುಪಿದ ಮೇಲೆ ಸಣ್ಣ ಶಿಕಾರಾ ದೋಣಿಯೊಂದನ್ನು ಮೂರು ನಾಲ್ಕು ಗಂಟೆಗೆ ಗೊತ್ತುಮಾಡಿಕೊಂಡು, ಕೈನಕರಿಯ ಕಡೆಯ ಕಿರುಗಾಲುವೆಗಳಿಗೆ ಹೋಗಬೇಕೆಂದೂ ಬದುವಿನ ಮೇಲೆ ಇಳಿಸಬೇಕೆಂದೂ ಮೊದಲೇ ಹೇಳಿ. ನಾನು ಹಾಗೆ ನಿಂತಾಗ ಎಡಗಡೆಯ ಕಾಲುವೆಯ ನೀರು ನನ್ನ ಪಾದದ ಸಮಕ್ಕೆ ತುಳುಕುತ್ತಿತ್ತು, ಬಲಗಡೆಯ ಪೈರು ಆಳುದ್ದ ಕೆಳಗೆ ಹಸಿರಾಗಿ ಹರಡಿತ್ತು. ನಡುವೆ ಇದ್ದದ್ದು ಕೆಸರು, ಕಲ್ಲು, ತೆಂಗಿನ ಸಾಲಿನ ಆ ಬದು ಮಾತ್ರ. ನಾವು ನಾಲೆಯಿಂದ ಗದ್ದೆಗೆ ನೀರು ಕಟ್ಟಲು ಪಾಡುಪಡುತ್ತೇವೆ. ಅಲ್ಲಿ ತೂಬು ತೆರೆದರೆ ನೀರು ತಾನೇ ಒಳಗೆ ಬರುತ್ತದೆ. ಪಾಡೆಲ್ಲ ಅದನ್ನು ಎತ್ತಿ ಹೊರಗೆ ಚೆಲ್ಲುವುದರಲ್ಲಿದೆ. ಅದಕ್ಕೆ ಬಳಸುವ, ಮರದ ಪೆಟ್ಟಿಗೆ ಜೋಡಿಸಿದ ಪಂಪಿಗೆ ‘ಪೆಟ್ಟಿಯುಂ ಪರಯುಂ’ ಎನ್ನುತ್ತಾರೆ, ಅದನ್ನು ತಂದೆಯವರಿಗೆ ತಪ್ಪದೆ ತೋರಿಸಿ. ಈ ಬೇಸಾಯ ಪದ್ಧತಿಯನ್ನು ವಿಶ್ವಸಂಸ್ಥೆಯ ಆಹಾರ ಮತ್ತು ಕೃಷಿ ಸಂಸ್ಥೆ 2013ರಲ್ಲಿ ಜಾಗತಿಕ ಮಹತ್ವದ ಕೃಷಿ ಪರಂಪರೆಯೆಂದು ಗುರುತಿಸಿದೆ.

ಕೆಟ್ಟುವಳ್ಳವೆಂಬ ಅಲ್ಲಿಯ ಹಳೆಯ ಮರದ ದೋಣಿಯೊಂದು ದಡದಲ್ಲಿದ್ದರೆ ಅದನ್ನೂ ಮುಟ್ಟಿ ನೋಡಲಿ. ಅದರ ಹಲಗೆಗಳು ನಮ್ಮ ಮಲೆನಾಡಿನವರೂ ಬಲ್ಲ ಹೆಬ್ಬಲಸಿನವು. ಮೊಳೆಯಿಲ್ಲದೆ ತೆಂಗಿನ ನಾರಿನ ಹಗ್ಗದಲ್ಲಿ ಹೊಲಿದಿರುತ್ತಾರೆ.

ತಿಂಗಳಿನ ವಿಚಾರಕ್ಕೆ ಬಂದರೆ, ನನ್ನ ಆಯ್ಕೆ ಜನವರಿ. ‘ಪುಂಚ’ ಎಂಬ ಅಲ್ಲಿಯ ಮುಖ್ಯ ಭತ್ತದ ಬೆಳೆ ಆಗ ಹಸಿರಾಗಿರುತ್ತದೆ. ಕಟಾವು ಮಾರ್ಚ್ ಹೊತ್ತಿಗೆ, ಆದರೆ ಆಗಿನ ಸೆಕೆ ಹಿರಿಯರಿಗೆ ಕಷ್ಟ. ನೀವು ಕಂಡ ಜಲಕಳೆಗೂ ಆ ಬೆಳೆಗೂ ಸಂಬಂಧವಿದೆ. ಸಮುದ್ರದ ಉಪ್ಪುನೀರು ಗದ್ದೆಗೆ ನುಗ್ಗದಂತೆ, ಮಳೆ ಕಳೆದ ಒಣ ತಿಂಗಳುಗಳಲ್ಲಿ, ಸರೋವರಕ್ಕೆ ಅಡ್ಡಲಾಗಿರುವ ತಣ್ಣೀರ್‌ಮುಕ್ಕಂ ಅಣೆಕಟ್ಟಿನ ಬಾಗಿಲು ಮುಚ್ಚುತ್ತಾರೆ. ಒಳಗೆ ಸಿಹಿನೀರು ನಿಂತು ಕಳೆ ಹಬ್ಬುತ್ತದೆ, ಬಾಗಿಲು ತೆರೆದು ಉಪ್ಪು ಬಂದಾಗ ಸಾಯುತ್ತದೆ. ಹಾಗಾಗಿ ಪೈರು ನೋಡಬೇಕೆಂದರೆ ಸ್ವಲ್ಪ ಕಳೆಯನ್ನೂ ಸಹಿಸಬೇಕಾಗುತ್ತದೆ.

ಹೇಮಾವತಿ_ತೀರ

ಇಬ್ಬರಿಗೂ ಮನಃಪೂರ್ವಕ ವಂದನೆಗಳು. ಉತ್ತರಗಳನ್ನು ತಂದೆಯವರಿಗೆ ಓದಿ ಹೇಳಿದೆ. ಜನವರಿ ಮೂರನೆಯ ವಾರಕ್ಕೆ ರೈಲು ಕಾಯ್ದಿರಿಸುತ್ತಿದ್ದೇನೆ. ನೀರು ಹೊರಗೆ ಚೆಲ್ಲುವ ಖರ್ಚನ್ನು ಒಬ್ಬೊಬ್ಬ ರೈತನೇ ಕೊಡುತ್ತಾನೋ, ಇಡೀ ಬಯಲಿನವರು ಹಂಚಿಕೊಳ್ಳುತ್ತಾರೋ ಎಂದು ಅವರು ಈಗಾಗಲೇ ಕೇಳುತ್ತಿದ್ದಾರೆ. ಬದುವಿನ ಮೇಲೆ ಯಾರಾದರೂ ಸಿಕ್ಕರೆ ಮೊದಲು ಅದನ್ನೇ ವಿಚಾರಿಸುತ್ತಾರಂತೆ.