ಸೂತ್ರದಿಂದ ಬೇಕಾದ ಚರಾಕ್ಷರವನ್ನು ಬಿಡಿಸಿಕೊಳ್ಳುವುದು ಹೇಗೆ? ಕಲಿಸಿದವರ ಅನುಭವಗಳು

ಪ್ರಶ್ನೆ, ಪೋಷಕರೊಬ್ಬರಿಂದ:
ನನ್ನ ಮಗಳು ಒಂಬತ್ತನೇ ತರಗತಿಯಲ್ಲಿ ಓದುತ್ತಿದ್ದಾಳೆ. ಸೂತ್ರ ಕೊಟ್ಟು ಬೆಲೆಗಳನ್ನು ತುಂಬಲು ಹೇಳಿದರೆ ತಪ್ಪಿಲ್ಲದೆ ಮಾಡುತ್ತಾಳೆ; ಆದರೆ ‘ಅಂತಿಮ ವೇಗ = ಆರಂಭಿಕ ವೇಗ + ವೇಗೋತ್ಕರ್ಷ × ಕಾಲ’ ಎಂಬಲ್ಲಿ ಕಾಲವನ್ನು ಕೇಳಿದರೆ, ಯಾವುದನ್ನು ಮೊದಲು ಆಚೆ ಬದಿಗೆ ಒಯ್ಯಬೇಕೆಂದು ತಿಳಿಯದೆ ನಿಂತುಬಿಡುತ್ತಾಳೆ. ಇದನ್ನು ಕಲಿಸಿದವರು ದಯವಿಟ್ಟು ತಮ್ಮ ಅನುಭವ ತಿಳಿಸಿ.

ಪ್ರೌಢಶಾಲೆಯ ಗಣಿತ ಶಿಕ್ಷಕಿ:
ಪಕ್ಷಾಂತರ ಮಾಡಿದರೆ, ಅಂದರೆ ಪದವನ್ನು ಸಮಚಿಹ್ನೆಯ ಆಚೆ ಬದಿಗೆ ಒಯ್ದರೆ, ಚಿಹ್ನೆ ಬದಲಾಗುತ್ತದೆ ಎಂಬುದನ್ನು ಮಕ್ಕಳು ಬಾಯಿಪಾಠ ಮಾಡಿರುತ್ತಾರೆ. ಎರಡೂ ಬದಿಗೆ ಒಂದೇ ಕ್ರಿಯೆ ನಡೆದಿದೆ ಎಂಬ ಕಾರಣ ಮಾತ್ರ ಮರೆತುಹೋಗಿರುತ್ತದೆ. ಆದ್ದರಿಂದ ನಾನು ಮೊದಲು, ಬೇಕಾದ ಚರಾಕ್ಷರದ ಮೇಲೆ ಯಾವ ಕ್ರಿಯೆಗಳು ಯಾವ ಕ್ರಮದಲ್ಲಿ ನಡೆದಿವೆ ಎಂಬುದನ್ನು ಬರೆಸುತ್ತೇನೆ. ನಿಮ್ಮ ಮಗಳ ಸೂತ್ರದಲ್ಲಿ ಕಾಲವನ್ನು ವೇಗೋತ್ಕರ್ಷದಿಂದ ಗುಣಿಸಿ, ಆಮೇಲೆ ಆರಂಭಿಕ ವೇಗವನ್ನು ಕೂಡಿಸಲಾಗಿದೆ. ಬಿಡಿಸುವಾಗ ಕೊನೆಯದರಿಂದ ಹಿಂದಕ್ಕೆ ಬರಬೇಕು, ಅಂದರೆ ಮೊದಲು ಆರಂಭಿಕ ವೇಗವನ್ನು ಕಳೆದು, ಅನಂತರ ವೇಗೋತ್ಕರ್ಷದಿಂದ ಭಾಗಿಸಬೇಕು. ಇದೇನೂ ಹೊಸ ಉಪಾಯವಲ್ಲ: ಗುಣಕವು ಭಾಜಕವಾಗುತ್ತದೆ, ಕೂಡಿಸಿದ್ದು ಕಳೆಯುವುದಾಗುತ್ತದೆ ಎಂಬ ವಿಲೋಮ ವಿಧಿಯನ್ನು 499ರ ಸುಮಾರಿಗೇ ಆರ್ಯಭಟ ಹೇಳಿದ್ದಾನೆ.

ಕ್ರಮ ತಪ್ಪಿದರೆ ಏನಾಗುತ್ತದೆ ಎಂಬುದನ್ನು ತೋರಿಸಲು ‘ಫ್ಯಾರನ್‌ಹೀಟ್ = ಸೆಲ್ಸಿಯಸ್ × 9/5 + 32’ ಎಂಬ ಸೂತ್ರ ಬಹಳ ಅನುಕೂಲ. 98.6ರಿಂದ 32 ಕಳೆದು 5/9ರಿಂದ ಗುಣಿಸಿದರೆ 37 ಬರುತ್ತದೆ. ಮೊದಲೇ ಗುಣಿಸಿ ಆಮೇಲೆ 32 ಕಳೆದರೆ, ಆರೋಗ್ಯವಂತನ ಮೈಬಿಸಿ ಸುಮಾರು 22.8 ಡಿಗ್ರಿಗೆ ಇಳಿಯುತ್ತದೆ. ಆ ಉತ್ತರವನ್ನು ಕಂಡು ನಗದ ಮಗುವನ್ನು ನಾನು ನೋಡಿಲ್ಲ.

ಪಿಯು ಕಾಲೇಜಿನ ಭೌತಶಾಸ್ತ್ರ ಉಪನ್ಯಾಸಕರು:
ವರ್ಗಮೂಲವಿದ್ದಲ್ಲಿ ಇನ್ನೊಂದು ಎಚ್ಚರ ಬೇಕು. ಸರಳ ಲೋಲಕದ (ದಾರಕ್ಕೆ ಕಟ್ಟಿ ತೂಗಾಡಿಸಿದ ಗುಂಡಿನ) ಆವರ್ತ ಕಾಲವು, ಅಂದರೆ ಒಮ್ಮೆ ಹೋಗಿ ಬರಲು ಹಿಡಿಯುವ ಕಾಲವು, ಉದ್ದವನ್ನು ಗುರುತ್ವ ವೇಗೋತ್ಕರ್ಷದಿಂದ ಭಾಗಿಸಿ ಬಂದದ್ದರ ವರ್ಗಮೂಲದ 2π ಪಟ್ಟು. ಎರಡೂ ಬದಿಯನ್ನು ವರ್ಗ ಮಾಡುವಾಗ ಅನೇಕರು 2πಯನ್ನು ಹಾಗೆಯೇ ಬಿಡುತ್ತಾರೆ. 1 ಮೀಟರ್ ಉದ್ದಕ್ಕೆ 2.006 ಸೆಕೆಂಡು ಎಂದು ಇಟ್ಟುಕೊಂಡರೆ, ಹಾಗೆ ಬಿಟ್ಟವರಿಗೆ ಗುರುತ್ವ ವೇಗೋತ್ಕರ್ಷ ಸುಮಾರು 1.56 ಎಂದು ಬರುತ್ತದೆ. 4π² ಬರೆದವರಿಗೆ 9.81 ಬರುತ್ತದೆ.

ಪಾಲಿಟೆಕ್ನಿಕ್ ಉಪನ್ಯಾಸಕರು, ವಿದ್ಯುತ್ ವಿಭಾಗ:
ಶಿಕ್ಷಕಿಯವರು ಹೇಳಿದ ಹಿಮ್ಮುಖ ಕ್ರಮವು ಬೇಕಾದ ಚರಾಕ್ಷರ ಒಂದೇ ಕಡೆ ಇರುವಾಗ ಮಾತ್ರ ನೇರವಾಗಿ ನಡೆಯುತ್ತದೆ. ಸಮಾಂತರವಾಗಿ ಜೋಡಿಸಿದ ಅ, ಬ ಎಂಬ ರೋಧಗಳ ಒಟ್ಟು ರೋಧ ರ = ಅಬ/(ಅ + ಬ) ಆಗಿದ್ದು, ಇಲ್ಲಿ ‘ಅ’ ಅಂಶದಲ್ಲೂ ಇದೆ, ಛೇದದಲ್ಲೂ ಇದೆ. ನನ್ನ ತರಗತಿಯಲ್ಲಿ ಹೆಚ್ಚಿನವರು ಎಡವುವುದು ಇಲ್ಲಿಯೇ, ಏಕೆಂದರೆ ಅವರು ಒಂದು ‘ಅ’ವನ್ನು ಎಡಕ್ಕೆ ತಂದು, ಇನ್ನೊಂದನ್ನು ಬಲಗಡೆಯೇ ಉಳಿಸಿ, ಉತ್ತರ ಸಿಕ್ಕಿತೆಂದು ಅಡಿಗೆರೆ ಹಾಕುತ್ತಾರೆ. ಮೊದಲು ಛೇದವನ್ನು ತೆಗೆದು ರಅ + ರಬ = ಅಬ ಎಂದು ಬರೆಯಬೇಕು; ‘ಅ’ ಇರುವ ಪದಗಳನ್ನೆಲ್ಲ ಒಂದೇ ಬದಿಗೆ ತಂದರೆ ರಬ = ಅಬ − ರಅ ಆಗುತ್ತದೆ; ‘ಅ’ವನ್ನು ಸಾಮಾನ್ಯ ಅಪವರ್ತನವಾಗಿ ಹೊರಗೆ ತೆಗೆದರೆ ರಬ = ಅ(ಬ − ರ), ಆದ್ದರಿಂದ ಅ = ರಬ/(ಬ − ರ). ಒಟ್ಟು ರೋಧ 2 ಓಮ್, ಬ 3 ಓಮ್ ಆದರೆ ಅ 6 ಓಮ್. ಮೂಲ ಸೂತ್ರದಲ್ಲಿ ಇಟ್ಟು ನೋಡಿದರೆ 18/9, ಅಂದರೆ ಪುನಃ 2 ಸಿಗುತ್ತದೆ. ಸಮಾಂತರ ಜೋಡಣೆಯ ಒಟ್ಟು ರೋಧವು ಬಿಡಿ ರೋಧಗಳೆರಡಕ್ಕಿಂತಲೂ ಕಡಿಮೆಯಾಗಿರುವುದರಿಂದ ಬ − ರ ಎಂಬ ಛೇದ ಸೊನ್ನೆಯಾಗುವ ಭಯವೂ ಇಲ್ಲ.